ಬಾಗಿಲಿಗೆ ಬರುವ ತಂಪು

ಇಂಗ್ಲೆಂಡಿನಲ್ಲಿ ಬೇಸಗೆಯೆಂಬುದು ಕರೆಯದೆ ಬಂದು ಹೇಳದೆ ಹೋಗುವ ನೆಂಟ. ಆ ನಾಲ್ಕು ದಿನದ ಬಿಸಿಲಿನಲ್ಲಿ, ಮಧ್ಯಾಹ್ನ ಕಳೆದ ಮೇಲೆ, ಬೀದಿಯ ತಿರುವಿನಿಂದ ಒಂದು ಸಣ್ಣ ರಾಗ ಕೇಳಿಬರುತ್ತದೆ. ಹಲವು ಸಲ ಅದು ‘ಗ್ರೀನ್‌ಸ್ಲೀವ್ಸ್’ ಎಂಬ ಹಳೆಯ ಧಾಟಿ. ಒಡನೆಯೇ ಬಾಗಿಲುಗಳು ತೆರೆಯುತ್ತವೆ. ಮಕ್ಕಳು ಕಾಸಿಗಾಗಿ ತಾಯಿಯನ್ನು ಕಾಡುತ್ತವೆ. ಮುದುಕರೂ ಏನೋ ನೆಪ ಹೇಳಿಕೊಂಡು ಹೊರಗೆ ಬರುತ್ತಾರೆ. ಐಸ್‌ಕ್ರೀಂ ಅಲ್ಲಿ ದುರ್ಲಭವಾದ ವಸ್ತುವೇನೂ ಅಲ್ಲ. ಮನೆಯ ಫ್ರಿಜ್ಜಿನಲ್ಲಿಯೇ, ಇದಕ್ಕಿಂತ ಅಗ್ಗವಾಗಿ ಕೊಂಡದ್ದು, ಇರುವುದುಂಟು. ಆದರೂ ಜನ ಓಡಿಬರುವುದೇಕೆ? ಗುಡಿಯೊಳಗೆ ದೇವರು ದಿನವೂ ಇದ್ದರೂ, ಉತ್ಸವಮೂರ್ತಿ ಬೀದಿಗೆ ಬಂದಾಗಲೇ ಅಲ್ಲವೆ ಮನೆಮಂದಿಯೆಲ್ಲ ಬಾಗಿಲಿಗೆ ಬರುವುದು! ಇಲ್ಲಿಯ ಸೊಗಸು ತಿನಿಸಿನದಕ್ಕಿಂತ ಹೆಚ್ಚಾಗಿ ಆಗಮನದ್ದು.

ತಂಪನ್ನು ಚಕ್ರದ ಮೇಲೆ ಏರಿಸುವ ಈ ಪ್ರಯತ್ನ ಹಳೆಯದು. ೧೯ನೆಯ ಶತಮಾನದಲ್ಲಿ ಇಟಲಿಯಿಂದ ಹೊಟ್ಟೆಪಾಡಿಗಾಗಿ ಬಂದವರು ಲಂಡನ್ನಿನ ಬೀದಿಗಳಲ್ಲಿ ತಳ್ಳುಗಾಡಿ ಇಟ್ಟುಕೊಂಡು, ಸಣ್ಣ ಗಾಜಿನ ಬಟ್ಟಲಿನಲ್ಲಿ ಒಂದು ಪೆನ್ನಿಯ ಐಸ್‌ಕ್ರೀಂ ಮಾರುತ್ತಿದ್ದರು. ಒಬ್ಬನು ನೆಕ್ಕಿ ಹಿಂದಿರುಗಿಸಿದ ಬಟ್ಟಲೇ ಮುಂದಿನವನ ಕೈಗೆ. ಎಂಜಲೆಂಬುದರ ಅರ್ಥ ಆ ಮಹಾನಗರಕ್ಕೆ ತಿಳಿಯಲು ರೋಗದ ಭಯವೇ ಬೇಕಾಯಿತು; ೧೮೯೯ರಲ್ಲಿ ಅಲ್ಲಿ ಆ ಬಟ್ಟಲಿಗೆ ನಿಷೇಧ ಬಂದಿತು. ಮೋಟಾರಿಗೆ ಗಂಟೆ ಕಟ್ಟಿ ಐಸ್‌ಕ್ರೀಂ ಕಳುಹಿಸಿದ ಕೀರ್ತಿ ಅಮೆರಿಕದ ಯಂಗ್ಸ್‌ಟೌನ್ ಊರಿನ ಮಿಠಾಯಿಗಾರ ಹ್ಯಾರಿ ಬರ್ಟನದು. ೧೯೨೦ರ ಸುಮಾರಿನ ಮಾತು. ಆ ಮೊದಲ ಗಂಟೆಗಳನ್ನು ಅವನು ತನ್ನ ಮಗನ ಹಿಮದ ಜಾರುಬಂಡಿಯಿಂದ ಬಿಚ್ಚಿಕೊಂಡನೆಂದು ಹೇಳುತ್ತಾರೆ.

ಕಡ್ಡಿಗೆ ಚುಚ್ಚಿ ಮೊದಲೇ ಹೆಪ್ಪುಗಟ್ಟಿಸಿದ ಸರಕನ್ನು ಮಾರುವುದಾದರೆ ಗಾಡಿಯ ರಚನೆ ಸುಲಭ. ಉಪ್ಪುನೀರಿನಂಥ ದ್ರವ ತುಂಬಿದ ಲೋಹದ ಹಲಗೆಗಳನ್ನು ಪೆಟ್ಟಿಗೆಯೊಳಗೆ ಜೋಡಿಸಿರುತ್ತಾರೆ. ರಾತ್ರಿ ಕೊಟ್ಟಿಗೆಯಲ್ಲಿ ಅದನ್ನು ವಿದ್ಯುತ್ತಿಗೆ ತಗುಲಿಸಿದರೆ ದ್ರವವು ಗಟ್ಟಿಯಾಗುತ್ತದೆ. ಮರುದಿನವೆಲ್ಲ ಮೆಲ್ಲಗೆ ಕರಗುತ್ತ ಒಳಗಣ ಸರಕನ್ನು ಕಾಯುತ್ತದೆ. ಎಂಜಿನ್ ನಿಂತರೂ ಚಿಂತೆಯಿಲ್ಲ.

ಆದರೆ ಗಿರಾಕಿಯ ಕಣ್ಣೆದುರಿಗೇ ಕೋನಿನ ಮೇಲೆ ಸುರುಳಿಸುರುಳಿಯಾಗಿ ಇಳಿಯುವ ಮೃದುವಾದ ಐಸ್‌ಕ್ರೀಮಿಗೆ ಈ ಉಪಾಯ ಸಾಲದು. ಅದು ಅಲ್ಲಿಯೇ, ಆಗಲೇ ಹುಟ್ಟಬೇಕು. ಹಾಲು ಸಕ್ಕರೆಗಳ ದ್ರವವು ಮೇಲಿನ ತೊಟ್ಟಿಯಿಂದ ಒಂದು ಶೀತಲವಾದ ಉರುಳೆಯೊಳಕ್ಕೆ ಇಳಿಯುತ್ತದೆ. ಗೋಡೆಗೆ ಹೆಪ್ಪುಗಟ್ಟಿದ ಪದರವನ್ನು ತಿರುಗುವ ಅಲಗುಗಳು ಕೆರೆಯುತ್ತ, ಅದರೊಳಗೆ ಗಾಳಿಯನ್ನು ಬೆರೆಸುತ್ತವೆ. ಕೊಂಡವನು ತಿನ್ನುವುದರಲ್ಲಿ ಒಂದು ಪಾಲು ಬರಿಯ ಗಾಳಿಯೇ ಸರಿ. ಆದರೆ ಆ ಗಾಳಿಯಿಲ್ಲದಿದ್ದರೆ ಅದು ನಾಲಗೆಗೆ ಕಲ್ಲು. ಇಷ್ಟೆಲ್ಲ ಕೆಲಸಕ್ಕೆ ಬೀದಿಯ ನಡುವೆ ಶಕ್ತಿಯನ್ನು ತರುವುದೆಲ್ಲಿಂದ? ರೈಲಿನ ಎಂಜಿನುಗಳಿಗೆ ಹೆಸರಾದ ಕ್ರೂ ಎಂಬ ಊರಿನಲ್ಲಿ ಬ್ರಯನ್ ವಿಟ್ಬಿ ಎಂಬಾತನು ೧೯೬೫ರಲ್ಲಿ ಇದಕ್ಕೊಂದು ಏರ್ಪಾಡಿನ ಪೇಟೆಂಟು ಪಡೆದನು: ಗಾಡಿಯನ್ನು ಓಡಿಸುವ ಎಂಜಿನ್ನೇ ಐಸ್‌ಕ್ರೀಂ ಯಂತ್ರವನ್ನೂ ತಿರುಗಿಸಬೇಕು. ನಡೆಸುವವನೂ ಅದೇ, ಅಡಿಗೆಯವನೂ ಅದೇ.

ಅವನ ಮನೆತನದ ಕಾರ್ಖಾನೆ ಇಂದಿಗೂ ಆ ಊರಿನಲ್ಲಿದೆ. ಸಿದ್ಧವಾಗಿ ಬಂದ ವಾಹನದ ಮೇಲೆ, ಅಚ್ಚಿನಲ್ಲಿ ಎರಕಗೊಂಡ ಗಾಜುನಾರಿನ ಮೈಯನ್ನು ಕೂಡಿಸುತ್ತಾರೆ. ಮಾರುವವನು ತಲೆತಗ್ಗಿಸದೆ ನಿಲ್ಲುವಷ್ಟು ಎತ್ತರದ ಸೂರು, ಕಾಲುದಾರಿಯ ಕಡೆಗೆ ತೆರೆಯುವ ಕಿಟಕಿ, ಕೈತೊಳೆಯಲು ಬಿಸಿನೀರು. ಕೊನೆಗೆ ಬಣ್ಣ, ಅದರಲ್ಲಿ ಜಿಪುಣತನವೆಂಬುದೇ ಇಲ್ಲ. ರಸಿಕರು ಮೂಗು ಮುರಿಯಬಹುದು; ಆದರೆ ಬೂದುಬಣ್ಣದ ಆಕಾಶದ ಕೆಳಗೆ ಆ ಗುಲಾಬಿ ಹಳದಿಗಳು ಅಪಾರ್ಥವೆನಿಸುವುದಿಲ್ಲ. ಬೆನ್ನಿನ ಮೇಲೆ ಮಾತ್ರ, ಹಿಂದೆ ಬರುವ ವಾಹನಗಳಿಗೆ, ಮಗುವಿದ್ದೀತು ಜೋಕೆ ಎಂಬ ಎಚ್ಚರಿಕೆ.

ರಾಗಕ್ಕೂ ಅಲ್ಲಿ ಕಾನೂನುಂಟು. ೧೯೭೪ರ ಶಾಸನದಂತೆ ಮಧ್ಯಾಹ್ನ ೧೨ರಿಂದ ಸಂಜೆ ೭ರವರೆಗೆ ಮಾತ್ರ ಅದನ್ನು ನುಡಿಸಬಹುದು. ಒಮ್ಮೆಗೆ ೪ ಸೆಕೆಂಡು ಸಾಕೆಂದಿದ್ದ ಸರ್ಕಾರವು ೨೦೧೩ರಲ್ಲಿ ಇಂಗ್ಲೆಂಡಿನ ಮಟ್ಟಿಗೆ ಮನಸ್ಸು ಕರಗಿ ೧೨ ಸೆಕೆಂಡಿಗೆ ಏರಿಸಿತು. ಒಂದು ರಾಗದ ಎಂಟು ಸೆಕೆಂಡಿಗಾಗಿ ಚರ್ಚೆ ನಡೆಸಿದ ದೇಶವನ್ನು ಕಂಡು ನಗಬಹುದು, ಮೆಚ್ಚಲೂಬಹುದು.

ಈಗಿನ ತೊಡಕು ಕೇಳುವ ರಾಗದ್ದಲ್ಲ, ಕಾರುವ ಹೊಗೆಯದು. ವಿಟ್ಬಿಯ ಯುಕ್ತಿಯ ಫಲವಾಗಿಯೇ, ಗಾಡಿ ನಿಂತಿದ್ದರೂ ಡೀಸೆಲ್ ಎಂಜಿನ್ ಓಡುತ್ತಿರಬೇಕು. ಕಿಟಕಿಯ ಮುಂದೆ ಸಾಲುಗಟ್ಟಿದ ಮಕ್ಕಳೇ ಆ ಗಾಳಿಯನ್ನು ಉಸಿರಾಡಬೇಕು. ಲಂಡನ್ನಿನ ಕೆಲವು ವಿಭಾಗಗಳು ಈ ಗಾಡಿಗಳಿಗೆ ಬೀದಿಗಳನ್ನು ಮುಚ್ಚಿವೆ. ತಾಯಂದಿರ ದೂರು ನ್ಯಾಯವಾದದ್ದು, ಅದನ್ನು ಅಲ್ಲಗಳೆಯಲಾಗದು. ಬ್ಯಾಟರಿಯಿಂದ ತಿರುಗುವ ಯಂತ್ರಗಳನ್ನು ಕ್ರೂ ಊರಿನಲ್ಲಿಯೇ ಕಟ್ಟತೊಡಗಿದ್ದಾರೆ. ಆದರೆ ಬಿಸಿಲಿನ ಕೆಲವು ವಾರಗಳ ಗಳಿಕೆಯಲ್ಲಿ ಮಳೆಗಾಲವನ್ನೂ ಚಳಿಗಾಲವನ್ನೂ ದಾಟಬೇಕಾದ ಒಂಟಿ ವ್ಯಾಪಾರಿಗೆ ಹೊಸ ಗಾಡಿಯೆಂದರೆ ಮನೆ ಕಟ್ಟಿಸಿದಷ್ಟೇ ಭಾರ. ಕೆಲವರು ಬೀದಿಯ ಗೊಡವೆಯನ್ನೇ ಬಿಟ್ಟು, ಮೊದಲೇ ಗೊತ್ತುಮಾಡಿದ ಮದುವೆಗಳಿಗೂ ಶಾಲೆಯ ಉತ್ಸವಗಳಿಗೂ ಹೋಗುತ್ತಿದ್ದಾರೆ. ಅಲ್ಲಿ ಅವರು ಬರುವುದು ಎಲ್ಲರಿಗೂ ಮುಂಚಿತವಾಗಿ ತಿಳಿದಿರುತ್ತದೆ. ರಾಗ ನುಡಿಸುವ ಪ್ರಮೇಯವೇ ಬೀಳುವುದಿಲ್ಲ.