ಮೂವತ್ತಮೂರು ಬಾಗಿಲುಗಳ ತುಂಗಭದ್ರೆ

ಹೊಸಪೇಟೆಯನ್ನು ದಾಟಿ ಕೆಲವೇ ಮೈಲಿ ಸಾಗಿದರೆ ಗುಡ್ಡಗಳ ನಡುವೆ ತುಂಗಭದ್ರೆಯ ಕಲ್ಲಿನ ಕಟ್ಟೆ ಎದುರಾಗುತ್ತದೆ. ಎತ್ತರದ ವೈಕುಂಠ ಅತಿಥಿಗೃಹದಿಂದ ನೋಡುವವರಿಗೆ ಒಂದೆಡೆ ಕಡಲಿನಂತೆ ಹಬ್ಬಿದ ಜಲರಾಶಿ, ಇನ್ನೊಂದೆಡೆ ಬಂಡೆಗಳನ್ನು ಬಳಸಿ ಹಂಪೆಯತ್ತ ಹರಿಯುವ ನದಿ. ಮಳೆಗಾಲದಲ್ಲಿ ಕಟ್ಟೆಯ ಬಾಗಿಲುಗಳು ತೆರೆದವೆಂದರೆ ಆ ಬೆಳ್ನೊರೆಯ ಸೊಬಗನ್ನು ಕಾಣಲು ಜನಜಾತ್ರೆಯೇ ನೆರೆಯುತ್ತದೆ.

ಈ ಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ನದಿಯ ಎಡದಂಡೆ ನಿಜಾಮರದು, ಬಲದಂಡೆ ಮದರಾಸು ಪ್ರಾಂತದ್ದು. ಎರಡು ಆಡಳಿತಗಳು ಎರಡು ಕಡೆಯಿಂದ ಸುರಕಿ ಗಾರೆಯಲ್ಲಿ ಕಲ್ಲು ಕಟ್ಟುತ್ತ ಬಂದವು. 1953ರಲ್ಲಿ ನೀರು ನಿಂತಿತು. ಬರಕ್ಕೆ ಹೆಸರಾದ ರಾಯಚೂರು, ಕೊಪ್ಪಳ, ಬಳ್ಳಾರಿಯ ನೆಲದಲ್ಲಿ ಭತ್ತ ತೂಗಿತು. ಆಂಧ್ರದ ಅನಂತಪುರ, ಕರ್ನೂಲುಗಳಿಗೂ ಕಾಲುವೆ ಹರಿಯಿತು.

ಕಟ್ಟುವಾಗ ಇದ್ದ ಉತ್ಸಾಹ ಕಾಯುವಾಗ ಇರುವುದಿಲ್ಲವೆಂಬುದು ಲೋಕರೂಢಿ. ಕಟ್ಟೆಯ ಒಡಲು ಮೊದಲು ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿತ್ತು. ವರ್ಷವರ್ಷವೂ ಹೊಳೆ ತಂದ ಹೂಳು ಅದನ್ನು ಸುಮಾರು 105ಕ್ಕೆ ಇಳಿಸಿದೆ. ಈ ನಷ್ಟಕ್ಕೆ ಸದ್ದಿಲ್ಲ. ಸದ್ದು ಕೇಳಿಸಿದ್ದು 2024ರ ಆಗಸ್ಟ್ 10ರ ರಾತ್ರಿ. 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಆ ಉಕ್ಕಿನ ಬಾಗಿಲು ಪ್ರವಾಹದಲ್ಲಿ ಕೊಚ್ಚಿಹೋಯಿತು. ಕಟ್ಟೆ ಅಂದು ತುಂಬಿತ್ತು. ಒತ್ತಡವನ್ನು ಹಂಚಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ರೈತನು ಬೆಳೆಗೆಂದು ಕಾದಿದ್ದ ನೀರು ಅವನ ಕಣ್ಣೆದುರೇ ಹೊಳೆಯ ಪಾಲಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಬಾಯನ್ನು ಮುಚ್ಚಿದರು. ಮುಂದೆ ಬಂದ ಮಳೆ ಕಟ್ಟೆಯನ್ನು ಮತ್ತೆ ತುಂಬಿತು.

ಆದರೆ ಮಳೆಯ ಕೃಪೆ ಕಬ್ಬಿಣಕ್ಕೆ ಯೌವನವನ್ನು ಮರಳಿಸದು. ಉಳಿದ ಬಾಗಿಲುಗಳೂ ಅದೇ ವಯಸ್ಸಿನವು. ಎಲ್ಲವನ್ನೂ ಬದಲಿಸಬೇಕೆಂದು ತಜ್ಞರು ಹೇಳಿದರು. 2025ರ ಮಳೆಗಾಲದಲ್ಲಿ 80 ಟಿ.ಎಂ.ಸಿ. ಅಡಿಗಿಂತ ಹೆಚ್ಚು ನೀರು ನಿಲ್ಲಿಸದಿರಲು ನಿರ್ಧಾರವಾಯಿತು. ಬಾಗಿಲು ಬದಲಿಸುವ ಕಾರ್ಯಕ್ಕಾಗಿ ಆ ಸಾಲಿನ ಎರಡನೆಯ ಬೆಳೆಗೆ ನೀರಿಲ್ಲವೆಂದೂ ಸಾರಲಾಯಿತು. ದುರಸ್ತಿಗೆ ತಡವಾಗಿ ತೆತ್ತ ಬೆಲೆಯಲ್ಲಿ ಉಕ್ಕಿನ ಲೆಕ್ಕದ ಜೊತೆಗೆ ಬೀಳುಬಿದ್ದ ಗದ್ದೆಯ ಲೆಕ್ಕವೂ ಸೇರಿತು.

ತುಂಗಭದ್ರಾ ಮಂಡಳಿಯ ವೆಚ್ಚವನ್ನು ಪಾಲುದಾರ ರಾಜ್ಯಗಳು ಹಂಚಿಕೊಂಡು ಭರಿಸುತ್ತವೆ. ನೀರಿನ ಪಾಲನ್ನು ಪ್ರತಿ ಮಳೆಗಾಲವೂ ಹನಿಹನಿಯಾಗಿ ಅಳೆಯುವ ಕೈಗಳು, ಸರಪಳಿಯ ಎಣ್ಣೆಗೂ ಹೂಳಿನ ನಿವಾರಣೆಗೂ ಅಷ್ಟೇ ಎಚ್ಚರದಿಂದ ಹಣವನ್ನು ಎತ್ತಿಡಬೇಕು. ಹೊಸ ಕಟ್ಟಡದ ಉದ್ಘಾಟನೆಗೆ ಮಾಲೆಯುಂಟು, ವಾದ್ಯವುಂಟು. ಹಳೆಯ ಕೊಂಡಿಯ ಪರೀಕ್ಷೆಗೆ ಎರಡೂ ಇಲ್ಲ.

ಕಟ್ಟೆಯಿಂದ ಕೆಳಗೆ, ಹಂಪೆಯ ಬಾಳೆತೋಟಗಳ ನಡುವೆ ತುರ್ತು ಕಾಲುವೆ ಇಂದಿಗೂ ಹರಿಯುತ್ತಿದೆ. ಅದನ್ನು ಕಟ್ಟಿಸಿದ ವಿಜಯನಗರದ ಅರಮನೆ ಪಾಯವಷ್ಟೇ ಆಗಿ ಉಳಿದಿದೆ. ಕಾಲುವೆ ಉಳಿದದ್ದು, ತಲೆಮಾರುಗಳ ಕೈಗಳು ಅದನ್ನು ಉಳಿಸಿಕೊಂಡದ್ದರಿಂದ.