ಅವ್ವನ ಗಾಲಿಮನೆ

ಗೌರಿ ಹುಣ್ಣಿಮೆಯ ರಾತ್ರಿ. ಮೊಮ್ಮಗಳು ಸಕ್ಕರೆ ಆರತಿ ಬೆಳಗಿ ಬಂದು ನಮ್ಮ ಅವ್ವನ ಪಕ್ಕ ಕುಳಿತಿದ್ದಳು. ಸಕ್ಕರೆ ಗೊಂಬೆಯೊಂದರ ತಲೆ ಆಗಲೇ ಅವಳ ಬಾಯಿ ಸೇರಿತ್ತು. ಅವ್ವ ಚಂದ್ರನನ್ನು ನೋಡುತ್ತ ಬೆರಳು ಮಡಿಚಿದಳು.

“ಈ ಹುಣ್ಣಿಮಿ ಆತು. ಮುಂದ ಹೊಸ್ತಿಲ ಹುಣ್ಣಿಮಿ. ಅದರ ಮುಂದ ಬನದ ಹುಣ್ಣಿಮಿ. ಒಮ್ಮೆ ಬನಶಂಕರಿ ತೇರು ನೋಡಬೇಕಪಾ, ಸಾಯೂದ್ರಾಗ.”

ಅವ್ವನಿಗೆ 83 ವರ್ಷ, ಎರಡೂ ಮೊಣಕಾಲು ನೋವು. “ಅದಕ್ಕೇನು, ಕಾರು ಮಾಡಿಕೊಂಡು ಹೋಗಿ ಸಂಜಿಗೆ ಬರೂನು,” ಅಂದೆ.

“ಮುಟ್ಟಿ ಬರೂದು ಜಾತ್ರಿ ಏನೋ? ಜಾತ್ರ್ಯಾಗ ಮಲಗಬೇಕು, ಏಳಬೇಕು, ರೊಟ್ಟಿ ಗಂಟು ಬಿಚ್ಚಬೇಕು. ಅದು ಜಾತ್ರಿ.”

ಬಾದಾಮಿಯ ಹತ್ತಿರ ಚೊಳಚಗುಡ್ಡದ ಬನಶಂಕರಿಗೆ ಪ್ರತಿ ವರ್ಷ ಬನದ ಹುಣ್ಣಿಮೆಗೆ ತೇರು. ಅದರ ಹಿಂದಿನ ದಿನ ಪಲ್ಯೆದ ಹಬ್ಬ: ತಾಯಿಗೆ 108 ಬಗೆಯ ಕಾಯಿಪಲ್ಯೆಯ ನೈವೇದ್ಯ. ತೇರಾದ ಮೇಲೂ ಸುಮಾರು ಒಂದು ತಿಂಗಳು ಜಾತ್ರೆ ನಡೆಯುತ್ತದೆ, ನಾಟಕ ಕಂಪನಿಗಳು ಬೆಳತನಕ ಆಡುತ್ತವೆ. ಅವ್ವನ ತವರು ಬೀಳಗಿ ತಾಲ್ಲೂಕಿನ ಕೃಷ್ಣೆಯ ದಂಡೆಯ ಹಳ್ಳಿ. ಅಲ್ಲಿಂದ ಬನಶಂಕರಿಗೆ ಚಕ್ಕಡಿಯಲ್ಲಿ ಎರಡು ರಾತ್ರಿಯ ದಾರಿ. ಬಿದಿರ ಕಮಾನಿಗೆ ತಾಡಪತ್ರಿ ಕಟ್ಟಿ, ಕೆಳಗೆ ಒಂದು ಮೊಳ ದಪ್ಪ ಜೋಳದ ಕಣಿಕಿ ಹಾಸಿ, ಅದರ ಮೇಲೆ ಕೌದಿ. ಈಗಿನ ಮಕ್ಕಳಿಗೆ ಹೇಳಬೇಕೆಂದರೆ, ಆ ಕಣಿಕಿಯೇ ಚಕ್ಕಡಿಯ ಸ್ಪ್ರಿಂಗು. ಜಾತ್ರೆಗೆ ಮುಟ್ಟಿದ ಮೇಲೆ ಎತ್ತುಗಳು ಅದನ್ನೇ ತಿನ್ನುತ್ತಿದ್ದವು. ಇಂಥ ಹಾಸಿಗೆಯನ್ನು ಯಾವ ಕಂಪನಿ ಮಾಡೀತು!

ನಮ್ಮಲ್ಲಿ ಎತ್ತು ಹೋಗಿ ಹತ್ತು ವರ್ಷವಾಯಿತು. ಆದರೆ ಕಣದ ಮೂಲೆಯಲ್ಲಿ ಹಳೆಯ ಎರಡು ಗಾಲಿಯ ಟ್ರ್ಯಾಕ್ಟರ್ ಟ್ರೇಲರ್ ಒಂದು ಬಿದ್ದಿತ್ತು. 10 ಅಡಿ ಉದ್ದ, 6 ಅಡಿ ಅಗಲ. ಕಬ್ಬು ಹೇರಿ ಹೇರಿ ಪಕ್ಕದ ತಗಡು ಹರಿದಿತ್ತು, ಅಚ್ಚು ಮಾತ್ರ ಗಟ್ಟಿ. ಎಂಟನೆಯ ತರಗತಿಯ ಮೊಮ್ಮಗ ಅದರ ಸುತ್ತ ಎರಡು ಸುತ್ತು ಹಾಕಿ, “ಮುತ್ಯಾ, ಇದನ್ನ ಮನೀ ಮಾಡೂನು,” ಅಂದ. ನಾನು ನಿವೃತ್ತ ಮಾಸ್ತರ. ಬೇಡ ಅನ್ನಲು ನನ್ನ ಬಳಿ ಬೇರೆ ಕೆಲಸವೂ ಇರಲಿಲ್ಲ.

ಜಮಖಂಡಿಯಲ್ಲಿ ವೆಲ್ಡಿಂಗ್ ಮಾಡಿಸಿದೆವು. ಹರಿದ ತಗಡು ತೆಗೆದು ಪೈಪಿನ ನಾಲ್ಕು ಕಮಾನು ನಿಲ್ಲಿಸಿ, ಮೇಲೆ ಹೊಸ ತಗಡು ಹೊದಿಸಿದರು. ಕಬ್ಬಿನ ಹಂಗಾಮು, ಅಂಗಡಿಯ ಮುಂದೆ ಮುರಿದ ಟ್ರೇಲರುಗಳ ಸಾಲೇ ನಿಂತಿತ್ತು. ಜಾತ್ರೆಗೆ ಮನೆ ಕಟ್ಟಿಸಲು ಬಂದವರು ನಾವೊಬ್ಬರೇ. ಮೇಸ್ತ್ರಿ ನಕ್ಕ. ಆದರೆ ಮೆಟ್ಟಿಲಿನ ಮಾತು ಬಂದಾಗ ಅವನೇ ಒಳ್ಳೆಯ ಪ್ರಶ್ನೆ ಕೇಳಿದ: “ಆಯಿ ಕಾಲು ಎಷ್ಟು ಎತ್ತತಾಳ್ರಿ?”

ನಮಗೆ ಗೊತ್ತಿರಲಿಲ್ಲ. ಮನೆಗೆ ಬಂದು ಮೊಮ್ಮಗಳು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಅವ್ವನ ಕಾಲು ಎತ್ತಿಸಿ ಅಳೆದಳು. 6 ಅಂಗುಲ ಸಲೀಸು, 8ಕ್ಕೆ “ಅಯ್ಯಯ್ಯ.” ಟ್ರೇಲರಿನ ನೆಲ ಭೂಮಿಯಿಂದ 42 ಅಂಗುಲ. ಹಾಗಾದರೆ ಕಾಲು ಎಷ್ಟು ಸಲ ಎತ್ತಬೇಕು? ಮಕ್ಕಳೇ, ಲೆಕ್ಕ ನಿಮಗೇ ಬಿಟ್ಟೆ. ಬಿಚ್ಚಿ ಒಳಗಿಡುವಂಥ ಮೆಟ್ಟಿಲು, ಒಂದು ಬದಿಗೆ ಹಿಡಿಕೆ, ಹಾಗೆ ಮಾಡಿಸಿದೆವು.

ಕೆಲಸ ಮುಗಿಯಿತೆಂದು ಒಂದು ಶನಿವಾರ ರಾತ್ರಿ ನಾನು, ಮಗ, ಮೊಮ್ಮಗ ಮೂವರೂ ಒಳಗೆ ಮಲಗಿದೆವು. ಚಳಿಗೆ ಹೆದರಿ ಎಲ್ಲ ಸಂದುಗಳಿಗೂ ಬಟ್ಟೆ ತುರುಕಿದ್ದೆವು. ಬೆಳಗಿನ ಜಾವ ನನ್ನ ಮೂಗಿನ ಮೇಲೆ ಟಪ್ಪನೆ ಒಂದು ಹನಿ. “ಮುತ್ಯಾ, ಮಳಿ!” ಎಂದು ಮೊಮ್ಮಗ ಎದ್ದು ಕುಳಿತ. ಹೊರಗೆ ಆಕಾಶದ ತುಂಬ ಚುಕ್ಕೆ. ಮಳೆ ಬಂದದ್ದು ನಮ್ಮ ಬಾಯಿಂದಲೇ! ಉಸಿರಿನಲ್ಲಿರುವ ನೀರಿನ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿತ್ತು. ತಂಪು ನೀರಿನ ಲೋಟದ ಹೊರಮೈ ಬೆವರುತ್ತದಲ್ಲ, ಹಾಗೆ. ಚಕ್ಕಡಿಯ ಬಾಯಿ ಎರಡೂ ಕಡೆ ತೆರೆದಿರುತ್ತಿತ್ತು, ಅದಕ್ಕೇ ಅದರೊಳಗೆ ಮಳೆ ಬರುತ್ತಿರಲಿಲ್ಲ.

ಮತ್ತೆ ಜಮಖಂಡಿಗೆ ಹೋಗಿ ಹಿಂದೆ ಮುಂದೆ ಮೇಲ್ಗಡೆ ಎರಡು ಕಿಟಕಿ ಕೊರೆಸಿ ಜಾಳಿಗೆ ಹಾಕಿಸಿದೆವು. ತಗಡಿನ ಕೆಳಗೆ ಥರ್ಮಾಕೋಲ್ ಹಾಳೆ, ಅದರ ಕೆಳಗೆ ಹತ್ತಿ ಬಟ್ಟೆ ಎಂದು ತೀರ್ಮಾನವಾಯಿತು. ಥರ್ಮಾಕೋಲ್ ಬೇಗ ಬೆಂಕಿ ಹಿಡಿಯುತ್ತದೆ, ಮುಚ್ಚಿದ ಜಾಗದ ಹೊಗೆ ಜೀವ ತೆಗೆಯುತ್ತದೆ. ಆದ್ದರಿಂದ ಒಲೆ ಹೊರಗೇ ಎಂದು ಆ ದಿನವೇ ಕಟ್ಟಪ್ಪಣೆ ಮಾಡಿದೆ.

ಹತ್ತಿ ಬಟ್ಟೆ ಅಂದ ಮೇಲೆ ರಬಕವಿ-ಬನಹಟ್ಟಿ ಬಿಟ್ಟು ಬೇರೆಲ್ಲಿಗೆ ಹೋಗುವುದು? ಬನಹಟ್ಟಿಯ ಓಣಿಗೆ ಕಾಲಿಟ್ಟರೆ ಮಗ್ಗದ ಸಪ್ಪಳ ಎದೆಯಲ್ಲೇ ಬಡಿಯುತ್ತದೆ. ಮೊಮ್ಮಗಳು ಕಿವಿ ಮುಚ್ಚಿಕೊಂಡೇ ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳಿ ತಿಳಿದುಕೊಂಡಳು. ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿ ಅಡ್ಡಡ್ಡ ಒಯ್ಯುವ ನೂಲು ಹೊಕ್ಕು. ನೇಕಾರರ ಅನೇಕ ಮನೆತನಗಳಿಗೆ ಬನಶಂಕರಿಯೇ ಮನೆದೇವರು. ನಾವು ಎಲ್ಲಿಗೆ ಹೊರಟಿದ್ದೇವೆಂದು ಕೇಳಿದ್ದೇ ತಡ, ಮಗ್ಗದ ಯಜಮಾನರು ಚಹಾ ತರಿಸಿ, ಎಳೆ ತಪ್ಪಿ ಮಾರಾಟಕ್ಕೆ ಬಾರದೆ ಉಳಿದ ಎರಡು ಸೀರೆ ಅರ್ಧ ಬೆಲೆಗೆ ಕೊಟ್ಟರು. ಹಸಿರು ಒಡಲು, ಕೆಂಪು ದಡಿ.

ಕಮಾನಿನ ಈ ಬದಿಯಿಂದ ಆ ಬದಿಗೆ 12 ಅಡಿ ಬಟ್ಟೆ ಬೇಕು. ಸೀರೆಯ ಅಗಲ ಸುಮಾರು 4 ಅಡಿ, ಹಾಗಾಗಿ ಮೂರು ಪಟ್ಟಿ. ಒಂದೊಂದು ಸೀರೆ 18 ಅಡಿ. ಎರಡೂ ಸೀರೆಯಿಂದ ಒಂದೊಂದು ಪಟ್ಟಿ ಕತ್ತರಿಸಿ, ಉಳಿದ ಆರಾರು ಅಡಿ ತುಂಡುಗಳನ್ನು ಕೂಡಿಸಿ ಹೊಲಿದರೆ ಮೂರನೆಯದು. ಸೊಸೆ ಆ ಹೊಲಿಗೆಯ ಮೇಲೆ ಕೆಂಪು ದಡಿಯ ತುಂಡು ಕೂಡಿಸಿ ಮುಚ್ಚಿದಳು. ಇಂದಿಗೂ ಅದು ಬೇಕೆಂದೇ ಮಾಡಿದ ಅಲಂಕಾರವೆಂದು ನೋಡಿದವರು ತಿಳಿಯುತ್ತಾರೆ.

ಉಳಿದದ್ದು ಮಂಚ. ನೆಲಕ್ಕೆ ಬೇವಿನ ಹಲಗೆ ಆಗಿತ್ತು, ಮಂಚಕ್ಕೆ ಪ್ಲೈವುಡ್ ತರೋಣವೆಂದಿದ್ದೆ. ಹೊಸ್ತಿಲ ಹುಣ್ಣಿಮೆಗೆ ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರದಲ್ಲಿರುವ ಸೋದರಮಾವನ ಮಗನ ಮನೆಗೆ ಅವ್ವನನ್ನು ಕರೆದುಕೊಂಡು ಹೋದೆ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಹಿನ್ನೀರು ಎಷ್ಟೋ ಊರುಗಳ ಮೇಲೆ ಹರಡಿತು. ಅವ್ವನ ತವರೂ ಅದರಲ್ಲಿ ಹೋಯಿತು. ಮುಳುಗಡೆಯ ಊರಿನವರು ಹೊರಡುವಾಗ ಮನೆ ಬಿಚ್ಚಿ ತೊಲೆ, ಜಂತಿ, ಬಾಗಿಲು ಹೊತ್ತು ತಂದರು. ಮಾವನ ಮನೆಯ ದೊಡ್ಡ ಬಾಗಿಲಿನ ಚೌಕಟ್ಟು ಹೊಸ ಮನೆಗೂ ಕೂಡಿಸಿದ್ದರು. ಅಂದು ಅದರ ಹೊಸ್ತಿಲಿಗೇ ಪೂಜೆ. ಎರಡು ಕದ ಮಾತ್ರ ಹಿತ್ತಲ ಗೋಡೆಗೆ ಒರಗಿದ್ದವು, ಮನೆಗೆ ಕಬ್ಬಿಣದ ಕದ ಬಂದಿತ್ತು.

ಸಾಗವಾನಿ ಕದ. ಒಂದೊಂದು 6 ಅಡಿ ಉದ್ದ, ಒಂದೂವರೆ ಅಡಿ ಅಗಲ. ಎರಡನ್ನೂ ಕೂಡಿಸಿದರೆ ಸರಿಯಾಗಿ ಒಬ್ಬರು ಮಲಗುವ ಮಂಚ!

“ಅಕ್ಕಾ, ಒಯ್ಯು. ನಿನಗಿಂತ ಹೆಚ್ಚಿಗಿ ಯಾರಿಗೆ ಬೇಕದು?” ಅಂದರು ಮಾವನ ಮಗ. ಕದದ ಮೇಲೆ ಮಲಗಬಹುದೋ ಬಾರದೋ ಎಂದು ನನಗೆ ಅನುಮಾನ. ಅವ್ವ ಚಿಲಕದ ಹಿತ್ತಾಳೆ ಬಳೆಯನ್ನು ಸೆರಗಿನಿಂದ ಒರೆಸುತ್ತ, “ಹೊಸ್ತಿಲ ಮ್ಯಾಲ ಕೂಡಬಾರದು. ಕದಕ್ಕ ಹಂಗೇನಿಲ್ಲ,” ಎಂದು ತೀರ್ಪು ಕೊಟ್ಟಳು. ಈ ಶಾಸ್ತ್ರ ಎಲ್ಲಿಯದೋ, ನಾನು ಕೇಳಲಿಲ್ಲ. ಆಮೇಲೆ ಮೆಲ್ಲಗೆ ಅಂದಳು: “ನಮ್ಮಪ್ಪ ಇದನ್ನ ಬನಶಂಕರಿ ಜಾತ್ರ್ಯಾಗ ಕೊಂಡಿದ್ದ. ಬರೂಮುಂದ ನಾ ಈ ಕದದ ಮ್ಯಾಲ ಮಲಗೇ ಬಂದಿದ್ದೆ. ಚಕ್ಕಡ್ಯಾಗ ಬ್ಯಾರೆ ಜಾಗಾ ಎಲ್ಲಿತ್ತು?”

ಮಂಚ ಕೂಡಿಸಿದೆವು. ಕೆಳಗೆ ಕೌದಿಯ ಪೆಟ್ಟಿಗೆ, ಬದಿಗೆ ಸಾಮಾನು ಉರುಳದಂತೆ ಅಂಚು ಕಟ್ಟಿದ ಹಲಗೆ, ರೊಟ್ಟಿ ಚೀಲಕ್ಕೆ ಕೊಕ್ಕೆ, ಬ್ಯಾಟರಿಯ ದೀಪ. ನೀರಿನ ಡ್ರಮ್ಮು, ಜೋಳದ ಹಿಟ್ಟು, ಪಾತ್ರೆಯ ಪೆಟ್ಟಿಗೆ ಎಲ್ಲವನ್ನೂ ಕೈಗೆ ಸಿಗಲೆಂದು ಹಿಂದಿನ ಬಾಗಿಲ ಹತ್ತಿರವೇ ಇಟ್ಟೆವು. ಎಲ್ಲ ತುಂಬಿದ ಮೇಲೆ ಮಗ ಟ್ರ್ಯಾಕ್ಟರ್ ಬಿಡಿಸಿದ.

ಟ್ರೇಲರಿನ ಮೂಕಿ ಸರ್ರನೆ ಆಕಾಶಕ್ಕೆ ಎದ್ದಿತು. ಹಿಂಭಾಗ ಧಡಾರನೆ ನೆಲಕ್ಕೆ ಕುಕ್ಕರಿಸಿತು. ಪಾತ್ರೆಗಳು ಅಂಗಳದ ತುಂಬ ಉರುಳಿದವು. ಯಾರಿಗೂ ಪೆಟ್ಟಾಗಲಿಲ್ಲ, ಮಗ ಪಕ್ಕಕ್ಕೆ ನಿಂತಿದ್ದರಿಂದ ಬಚಾವಾದ. ನನ್ನ ಕೈಕಾಲು ಬಹಳ ಹೊತ್ತು ನಡುಗುತ್ತಿದ್ದವು. ಇದು ಬೇಡ, ಕಾರಿನಲ್ಲೇ ಹೋಗೋಣ ಎಂದು ಹೇಳಿಯೂ ಬಿಟ್ಟೆ.

ಕಟ್ಟೆಯ ಮೇಲಿದ್ದ ಅವ್ವ ಮಾತ್ರ, “ಹಿಂಭಾರ ಆತು, ಅಷ್ಟ. ಚಕ್ಕಡಿ ಹೇರೂದು ಗೊತ್ತಿಲ್ಲೇನು ನಿಮಗ?” ಅಂದಳು.

ಮರಿಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಅವ್ವ ಹೇಳಿದ ಪಾಠ ಇದು. ಚಕ್ಕಡಿಗೆ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಭಾರವೆಲ್ಲ ಹೆಗಲ ಮೇಲೆ ಬಿದ್ದು ಎತ್ತು ಕುಸಿಯುತ್ತದೆ. ಅಚ್ಚಿನ ಮೇಲೆ ಹೇರಿ, ಒಂದಿಷ್ಟೇ ಮುಂದಕ್ಕೆ ವಾಲಿಸಬೇಕು. ಏರು ಬಂದರೆ ಕುಳಿತವರು ಮುಂದಕ್ಕೆ ಸರಿಯಬೇಕು, ಇಳಿಜಾರಿಗೆ ಹಿಂದಕ್ಕೆ. “ನಮ್ಮಪ್ಪ ‘ಸರೀರಿ’ ಅಂದ್ರ ನಿದ್ದಿಗಣ್ಣಾಗ ನಾವೆಲ್ಲಾ ಸರೀತಿದ್ವಿ.”

ಡ್ರಮ್ಮು ಮತ್ತು ಹಿಟ್ಟಿನ ಪೆಟ್ಟಿಗೆಯನ್ನು ಅಚ್ಚಿನ ಮುಂದಕ್ಕೆ ತಂದೆವು. ಹಗುರಾದ ಕೌದಿ, ಬುಟ್ಟಿ ಹಿಂದಕ್ಕೆ ಹೋದವು. ಆಮೇಲೆ ಮೂಕಿ ಏಳಲಿಲ್ಲ. ಆದರೂ ನನಗೆ ಧೈರ್ಯ ಸಾಲದು. ಹೊರಟ ದಿನ ಮುಧೋಳದಲ್ಲಿ ತೂಕದ ಕಾಟಾಕ್ಕೆ ಒಯ್ದೆವು. ಇಡೀ ಟ್ರೇಲರ್ 1,240 ಕಿಲೋ. ಮೂಕಿಯನ್ನು ಕಾಟಾದ ಹೊರಗೆ ಕುದುರೆಯ ಮೇಲೆ ನಿಲ್ಲಿಸಿ ಗಾಲಿಗಳನ್ನಷ್ಟೇ ತೂಗಿದರೆ 1,110. ಅಂದರೆ ಮೂಕಿಯ ಮೇಲೆ 130 ಕಿಲೋ, ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಪರದೇಶಗಳಲ್ಲಿ ಕಾರಿನ ಹಿಂದೆ ಮನೆ ಎಳೆದುಕೊಂಡು ತಿರುಗುವವರೂ ಹತ್ತರಿಂದ ಹದಿನೈದು ಪಾಲು ಭಾರ ಮುಂದಿರಲಿ ಎನ್ನುತ್ತಾರೆ, ಇಲ್ಲದಿದ್ದರೆ ಓಡುವಾಗ ಬಾಲ ಹೊಯ್ದಾಡುತ್ತದೆ. ಅವ್ವ ಕಾಟಾ ಇಲ್ಲದೆ ಹೇಳಿದ್ದಳು.

ತೂಕದ ಸರದಿಗೆ ಕಾಯುವಾಗ ಮೊಮ್ಮಗನಿಗೆ ಒಂದು ಮುಧೋಳ ನಾಯಿ ಕಂಡಿತು: ತೆಳ್ಳನೆ ಸೊಂಟ, ಉದ್ದ ಮೂತಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿಯದು. ಅದನ್ನು ಬಿಟ್ಟು ಬರಲು ಅವನಿಗೆ ಮನಸ್ಸೇ ಇರಲಿಲ್ಲ.

ಓಡುವ ಟ್ರೇಲರಿನಲ್ಲಿ ಯಾರೂ ಕೂಡಲಿಲ್ಲ. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಜಾತ್ರೆಗೆ ಹೊರಟ ಟ್ರ್ಯಾಕ್ಟರ್ ಮಗುಚಿದ ಸುದ್ದಿ ಎಷ್ಟು ಸಲ ಓದಿಲ್ಲ? ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ ಮಗ ಮುಂದೆ ಹೋದ, ನಾವೆಲ್ಲ ಬಾಡಿಗೆ ಜೀಪಿನಲ್ಲಿ ಅವನ ಹಿಂದೆ. ಘಟಪ್ರಭಾ ದಾಟಿ, ಲೋಕಾಪುರ, ಕೆರೂರಿನ ಮೇಲೆ ಹಾಯ್ದು, ಪಲ್ಯೆದ ಹಬ್ಬದ ಮಧ್ಯಾಹ್ನ ಬನಶಂಕರಿಗೆ ಮುಟ್ಟಿದೆವು. ದಾರಿಯಲ್ಲಿ ಏರು ಬಂದಾಗಲೆಲ್ಲ ಅವ್ವ ಜೀಪಿನ ಸೀಟಿನಲ್ಲಿ ಮುಂದಕ್ಕೆ ಸರಿಯುತ್ತಿದ್ದಳು.

ಸಂಜೆ ಮೆಟ್ಟಿಲು ಕೂಡಿಸಿದೆವು. ಹಿಡಿಕೆ ಹಿಡಿದು ಅವ್ವ ಒಬ್ಬಳೇ ಹತ್ತಿದಳು, ಮೊಮ್ಮಗಳು ಎಣಿಸಿದಳು. ಕಟಿರೊಟ್ಟಿ, ಶೇಂಗಾ ಹಿಂಡಿ, ಮೊಸರು. ರಾತ್ರಿ ಎಚ್ಚರಾಗಿ ನೋಡಿದರೆ ದೂರದ ನಾಟಕದ ಹಾರ್ಮೋನಿಯಂ ಕೇಳುತ್ತಿತ್ತು. ಅವ್ವ ಹಸಿರು ಸೀರೆಯ ಛಾವಣಿಯ ಕೆಳಗೆ ಚಿಲಕದ ಬಳೆಯ ಮೇಲೆ ಕೈಯಿಟ್ಟು ಮಲಗಿದ್ದಳು. ಮಳೆ ಬರಲಿಲ್ಲ.

ತೇರು ನೋಡಿದ ಮರುದಿನ ಅವ್ವನಿಗೆ ಬಾಗಿಲ ಪೇಟೆ ನೋಡುವ ಆಸೆ. ಈ ಜಾತ್ರೆಯಲ್ಲಿ ಇಂದಿಗೂ ಕೆತ್ತನೆಯ ಚೌಕಟ್ಟು, ಕದಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಾರೆ. ಗೋಡೆಯೇ ಇಲ್ಲದ ಬಾಗಿಲುಗಳು. ಮಕ್ಕಳು ಒಂದರೊಳಗೆ ಹೊಕ್ಕು ಇನ್ನೊಂದರಿಂದ ಹೊರಬಂದರು. ಅವ್ವ ಕೋಲೂರಿಕೊಂಡು ಒಂದೊಂದನ್ನೂ ಸವರಿ ನೋಡುತ್ತ ಹೋದಳು. ಅವಳ ಮುಖದ ಮೇಲಿನ ಆಸೆ ಕಂಡು ಮಾರುವ ಹುಡುಗ ಎದ್ದು ಬಂದ.

“ಬಾಗಿಲು ಬೇಕೇನ್ರಿ ಆಯಿ? ಮನೀ ಕಟ್ಟಾಕತ್ತೀರೇನು?”

“ಮನೀ ಕಟ್ಟಿದ್ದು ಆಗೇತಪಾ. ಬಾಗಿಲಾನೂ ಐತಿ,” ಅಂದಳು ಅವ್ವ. “ರಾತ್ರಿ ಅದರ ಮ್ಯಾಲ ಮಲಗಿದ್ದೆ.”

ಹುಡುಗ ನನ್ನ ಮುಖ ನೋಡಿದ.