ವೈವರ್ನ್‌ಗೆ ಎರೆದ ಹಾಲು

ಮೊಮ್ಮಗಳಿಗೆ ರಾತ್ರಿಯ ಕಥೆಯನ್ನು ಕನ್ನಡದಲ್ಲಿಯೇ ಹೇಳಬೇಕೆಂಬುದು ಪುಣೆಯ ನಮ್ಮ ಮನೆಯಲ್ಲಿ ನಾವಿಬ್ಬರೂ ಪಾಲಿಸಿಕೊಂಡು ಬಂದಿರುವ ನಿಯಮ. ಕಳೆದ ತಿಂಗಳು ಅವಳು ಶಾಲೆಯಿಂದ ತಂದ ಇಂಗ್ಲಿಷ್ ಪುಸ್ತಕವೊಂದರಲ್ಲಿ ರೆಕ್ಕೆಯುಳ್ಳ ಸರ್ಪದ ಚಿತ್ರವಿತ್ತು. “ಈ ಡ್ರ್ಯಾಗನ್‌ಗೆ ಎರಡೇ ಕಾಲು ಯಾಕಜ್ಜಿ?” ಎಂದಳು. ಉತ್ತರ ನಮಗೂ ತಿಳಿದಿರಲಿಲ್ಲ, ಓದಿ ತಿಳಿದುಕೊಂಡೆವು.

ಅದರ ಹೆಸರು ವೈವರ್ನ್. ಹಾವನ್ನು ಸೂಚಿಸುವ ಹಳೆಯ ಫ್ರೆಂಚ್ ಪದದಿಂದ ಹುಟ್ಟಿದ ಹೆಸರು. ಬ್ರಿಟನ್ನಿನ ಲಾಂಛನಶಾಸ್ತ್ರದಲ್ಲಿ ನಾಲ್ಕು ಕಾಲಿದ್ದರೆ ಡ್ರ್ಯಾಗನ್, ಎರಡಿದ್ದರೆ ವೈವರ್ನ್. ವೇಲ್ಸ್ ಧ್ವಜದ ಮೇಲಿರುವುದು ಡ್ರ್ಯಾಗನ್. ಹಿಂದಿನ ಮಿಡ್‌ಲ್ಯಾಂಡ್ ರೈಲ್ವೆ ಲಾಂಛನವಾಗಿ ಧರಿಸಿದ್ದು ವೈವರ್ನ್. ಯುರೋಪಿನ ಉಳಿದ ದೇಶಗಳು ಈ ಭೇದವನ್ನು ಅಷ್ಟಾಗಿ ಎಣಿಸಲಿಲ್ಲ. ಜನಪದರಿಗಂತೂ ಕಾಲಿನ ಲೆಕ್ಕಕ್ಕಿಂತ ಕಥೆಯೇ ಮುಖ್ಯ.

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ, ಲಗ್ ನದಿಯು ವೈ ನದಿಯನ್ನು ಕೂಡುವಲ್ಲಿ, ಮಾರ್ಡಿಫರ್ಡ್ ಎಂಬ ಹಳ್ಳಿಯಿದೆ. ಅಲ್ಲಿಯ ಕಥೆಯಂತೆ, ಮಾಡ್ ಎಂಬ ಬಾಲಕಿಗೆ ಕಾಡಿನಲ್ಲಿ ಪುಟ್ಟದೊಂದು ವೈವರ್ನ್ ಮರಿ ಸಿಕ್ಕಿತು. ಬಿಟ್ಟು ಬಾ ಎಂದರು ಹೆತ್ತವರು. ಅವಳು ಅದನ್ನು ಬಚ್ಚಿಟ್ಟು ಹಾಲೆರೆದು ಸಾಕಿದಳು. ಮರಿ ಬೆಳೆಯಿತು, ಹಾಲು ಸಾಲದಾಯಿತು. ಮೊದಲು ಕುರಿ ದನಗಳನ್ನು, ಬಳಿಕ ಮನುಷ್ಯರನ್ನು ತಿನ್ನತೊಡಗಿತು. ಮಾಡ್‌ಳನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಮರಣದಂಡನೆಗೆ ಗುರಿಯಾದವನೊಬ್ಬ ಪೀಪಾಯಿಯೊಳಗೆ ಅಡಗಿ ಕುಳಿತು ಅದನ್ನು ಕೊಂದನಂತೆ. ಅದರ ವಿಷದುಸಿರಿಗೆ ತಾನೂ ಸತ್ತನಂತೆ. ಆ ಊರಿನ ಚರ್ಚಿನ ಗೋಡೆಯ ಮೇಲೆ 19ನೇ ಶತಮಾನದ ಆರಂಭದವರೆಗೂ ಆ ಪ್ರಾಣಿಯ ಚಿತ್ರವಿತ್ತು.

ಹಾವಿಗೆ ಹಾಲೆರೆದರೆ ಆಗುವುದೇ ಇಷ್ಟು ಎಂದು ಕಥೆ ಮುಗಿಸಲು ಹೊರಟಿದ್ದೆವು. ಅಷ್ಟರಲ್ಲಿ ಮೊಮ್ಮಗಳು ಕೇಳಿದಳು: “ಮಾಡ್ ಅತ್ತಳಾ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇವಳ ತಾಯಿ ಒಂಬತ್ತು ವರ್ಷದವಳಿದ್ದಾಗ ಬೀದಿಯ ನಾಯಿಮರಿಯೊಂದನ್ನು ಮೆಟ್ಟಿಲ ಕೆಳಗೆ ಸಾಕಿದ್ದಳು. ತನ್ನ ಪಾಲಿನ ಹಾಲನ್ನೇ ಅದಕ್ಕೆ ಎರೆಯುತ್ತಿದ್ದಳು. ದೊಡ್ಡದಾದ ಮೇಲೆ ಅದು ನೆರೆಮನೆಯ ಮಗುವನ್ನು ಕಚ್ಚಿತು. ಅದನ್ನು ಹಿಡಿದೊಯ್ಯಬೇಕೆಂಬ ಅರ್ಜಿಗೆ ಕಟ್ಟಡದವರೆಲ್ಲ ಸಹಿ ಹಾಕಿದರು. ನಾವೂ ಹಾಕಿದೆವು. ಮಗಳಿಗೆ ಮಾತ್ರ, ಅದನ್ನು ಹಳ್ಳಿಯ ತೋಟವೊಂದಕ್ಕೆ ಕಳಿಸಿದ್ದಾರೆ ಎಂದು ಹೇಳಿದೆವು. ಕಚ್ಚಿಸಿಕೊಂಡ ಮಗುವಿನ ತಾಯಿಯ ಮುಖ ನೆನೆದರೆ, ಸಹಿ ತಪ್ಪೆಂದು ಇಂದಿಗೂ ಅನ್ನಿಸುವುದಿಲ್ಲ. ಆದರೆ ಆ ತೋಟದ ಮಾತು? ಬಿಕ್ಕಿ ಅಳಬೇಕಾಗಿದ್ದ ಮಗುವಿನಿಂದ ಆ ಅಳುವನ್ನೂ ಕಸಿದುಕೊಂಡಿದ್ದೆವು. ಎಷ್ಟೋ ದಿನ ಅವಳು, ತೋಟಕ್ಕೆ ಯಾವಾಗ ಹೋಗೋಣ ಎಂದು ಕೇಳುತ್ತಿದ್ದಳು.

“ಅತ್ತಳು, ಪುಟ್ಟೀ. ತುಂಬಾ ಅತ್ತಳು” ಎಂದೆವು.

ಮಗಳಿಗೆ ನಿಜವನ್ನು ಇನ್ನೂ ಹೇಳಿಲ್ಲ. ನಮ್ಮ ಬಳಗದ ಬರಹಗಳನ್ನು ಅವಳು ತಪ್ಪದೆ ಓದುತ್ತಾಳೆ, ಇದನ್ನೂ ಓದುತ್ತಾಳೆ.